ಮೂವತ್ತೆಂಟು ಕರಿ ಕಂಬಳಿ

ಎಲ್ಲದಕ್ಕೂ ಕಾರಣ ಕಂಪ್ಯೂಟರಿನೊಳಗಿನ ಒಂದು ಡಬ್ಬಿ. ಡಬ್ಬಿ ಎಂದರೆ ನಿಜವಾದ ಡಬ್ಬಿಯಲ್ಲ, ಬೆರಳುದ್ದದ ಒಂದು ಖಾಲಿ ಚೌಕ. ಜಮಖಂಡಿಯ ಕಂಬಳಿ ನೇಕಾರರ ಸಂಘದ ವೆಬ್‌ಸೈಟಿಗೆ ಫೋಟೋ ಏರಿಸಬೇಕಾದರೆ ಆ ಚೌಕದಲ್ಲಿ 'ಚಿತ್ರದ ವಿವರ' ಬರೆಯಲೇಬೇಕಿತ್ತು. ಬರೆಯದಿದ್ದರೆ ಫೋಟೋ ಏರುತ್ತಿರಲಿಲ್ಲ. ಒಂದಕ್ಕೆ ಬರೆದದ್ದನ್ನೇ ಇನ್ನೊಂದಕ್ಕೆ ಬರೆದರೂ ಏರುತ್ತಿರಲಿಲ್ಲ.

ಸಂಘದ ಕಂಪ್ಯೂಟರ್ ಆಪರೇಟರ್ ಶಶಿಕಾಂತ ಪಾಪದ ಹುಡುಗ. ಏಳು ವರ್ಷದಿಂದ ಹಂಗಾಮಿ ನೌಕರ. ಅವನು ವೆಬ್‌ಸೈಟ್ ಮಾಡಿಕೊಟ್ಟ ಹುಬ್ಬಳ್ಳಿಯವನಿಗೆ ಫೋನ್ ಹಚ್ಚಿ, "ಈ ಡಬ್ಬ್ಯಾಗ ಬರದದ್ದು ಎಲ್ಲಿ ಕಾಣತೈತ್ರೀ?" ಎಂದು ಕೇಳಿದ್ದ. "ಎಲ್ಲೂ ಕಾಣಂಗಿಲ್ಲ, ಏನರ ತುಂಬ್ರಿ," ಎಂದು ಹೇಳಿ ಆತ ಫೋನಿಟ್ಟಿದ್ದ.

ಏರಿಸಬೇಕಾದದ್ದು ಮೂವತ್ತೆಂಟು ಕಂಬಳಿಗಳ ಫೋಟೋ. ಮೂವತ್ತೆಂಟೂ ಕರಿಯವು. ಮೊದಲನೆಯದಕ್ಕೆ 'ಕರಿ ಕಂಬಳಿ' ಎಂದು ಬರೆದ. ಎರಡನೆಯದಕ್ಕೆ 'ಇದೂ ಕರಿ ಕಂಬಳಿ'. ಮೂರನೆಯದಕ್ಕೆ 'ಮತ್ತೊಂದು ಕರಿ ಕಂಬಳಿ'. ಆರನೆಯದಕ್ಕೆ ಬರುವಷ್ಟರಲ್ಲಿ 'ದೇವರಾಣೆ, ಇದೂ ಕರಿಯದೇ' ಎಂದಾಗಿತ್ತು. ಅಲ್ಲಿಂದ ಮುಂದೆ ಅವನ ಕೈ ಸಡಿಲವಾಯಿತು. ಯಾರಿಗೂ ಕಾಣದ ಜಾಗ ಸಿಕ್ಕರೆ ಹಂಗಾಮಿ ನೌಕರ ಏನು ಬರೆದಾನು? ಮನಸ್ಸಿಗೆ ಬಂದದ್ದನ್ನು ಬರೆದ. 'ಹದಿನಾರನೇ ಕಂಬಳಿ. ಹೊದ್ದರೆ ಇರುವೆಗಳ ಮದುವೆಗೆ ಹೋದಂತಾಗುತ್ತದೆ, ಆದರೆ ಚಳಿ ಹತ್ತಿರ ಸುಳಿಯುವುದಿಲ್ಲ.' ಕಂಬಳಿಗಳು ಮುಗಿದ ಮೇಲೆ ಸಂಘದ ಸಮಾರಂಭಗಳ ಹನ್ನೆರಡು ಫೋಟೋ ಬಂದವು. ಅವುಗಳಲ್ಲಿ ಮನುಷ್ಯರಿದ್ದರು. ಕೈ ಇನ್ನಷ್ಟು ಸಡಿಲವಾಯಿತು.

ಹೀಗೆ ಆರು ತಿಂಗಳು ಸುಖವಾಗಿ ಕಳೆದ ಮೇಲೆ ಒಂದು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅಧ್ಯಕ್ಷ ಗಿರಿಮಲ್ಲಪ್ಪನವರು ಒಂದು ಪತ್ರ ಬೀಸುತ್ತ ಆಫೀಸಿಗೆ ಬಂದರು. ಗಿರಿಮಲ್ಲಪ್ಪನವರು ಬರುವುದೆಂದರೆ ಮೊದಲು ಹೊಟ್ಟೆ ಒಳಗೆ ಬರುತ್ತಿತ್ತು, ಆಮೇಲೆ ಅವರು.

"ಶಶ್ಯಾ, ಇವತ್ತ ನಿನ್ನ ಹಣೇಬರಾ ಬದಲಾಗತೈತಿ ನೋಡಲೇ!"

ಪತ್ರ ಮೇಲಿನ ಕಚೇರಿಯಿಂದ ಬಂದಿತ್ತು. ಕಣ್ಣು ಕಾಣದವರೂ ಸಂಘದ ವೆಬ್‌ಸೈಟನ್ನು ಬಳಸಬಹುದೇ ಎಂದು ಪರೀಕ್ಷಿಸಲು ಮುಧೋಳದ ಮಾಯಾ ಎಂಬುವರು ಅದೇ ದಿನ ಹನ್ನೆರಡು ಗಂಟೆಗೆ ಬರುವವರಿದ್ದರು. ವೆಬ್‌ಸೈಟ್ ಪಾಸಾದರೆ ಅದನ್ನು ನೋಡಿಕೊಳ್ಳಲು ಸಂಘಕ್ಕೆ ಒಂದು ಖಾಯಂ ಹುದ್ದೆ ಮಂಜೂರಾಗುತ್ತಿತ್ತು. ಫೇಲಾದರೆ ಆ ಹುದ್ದೆ ಬೇರೆ ಸಂಘಕ್ಕೆ ಹೋಗುತ್ತಿತ್ತು.

'ಖಾಯಂ' ಎಂಬ ಶಬ್ದ ಕೇಳಿ ಶಶಿಕಾಂತ ಕೂತಲ್ಲಿಂದ ಎದ್ದು ನಿಂತ. ಹೋದ ತಿಂಗಳು ಮಹಾಲಿಂಗಪುರದಲ್ಲಿ ಹೆಣ್ಣು ನೋಡಲು ಹೋದಾಗ ಹುಡುಗಿಯ ತಂದೆ ಅವಲಕ್ಕಿ ಕೊಟ್ಟು, ಚಹಾ ಕೊಟ್ಟು, ನಂತರ "ಹಂಗಾಮಿ ನೌಕರಿಗೆ ಹಂಗಾಮಿ ಹೆಣ್ಣ ಕೊಡಾಕ ಬರೂದಿಲ್ಲಲ್ರೀ," ಎಂದು ಕಳಿಸಿದ್ದರು. ಆ ಮಾತು ಇನ್ನೂ ಅವನ ಕಿವಿಯಲ್ಲಿತ್ತು.

"ಹುದ್ದೆ ನಿನಗಽ ಅಂತ ಇಟ್ಕೋ," ಎಂದರು ಅಧ್ಯಕ್ಷರು. "ಆದ್ರ ನನಗೊಂದು ತಿಳೀವಲ್ದು. ಆ ಅಕ್ಕಾರಿಗೆ ಕಣ್ಣ ಕಾಣೂದಿಲ್ಲಂತ. ವೆಬ್‌ಸೈಟ್ ಹ್ಯಾಂಗ ನೋಡ್ತಾರಲೇ?"

ಶಶಿಕಾಂತ ಎರಡನೆಯ ಹಾಳೆ ತಿರುವಿ ಓದಿದ. ಪರೀಕ್ಷಕರ ಕಂಪ್ಯೂಟರಿನಲ್ಲಿ ಓದುವ ತಂತ್ರಾಂಶವೊಂದು ಇರುತ್ತದೆ. ಅದು ಪರದೆಯ ಮೇಲಿನ ಅಕ್ಷರಗಳನ್ನೂ, ಪ್ರತಿ ಚಿತ್ರಕ್ಕೆ ಬರೆದಿಟ್ಟ ವಿವರವನ್ನೂ ಗಟ್ಟಿಯಾಗಿ ಓದಿ ಹೇಳುತ್ತದೆ.

ಆ ಸಾಲನ್ನು ಅವನು ಮೂರು ಸಲ ಓದಿದ. ಎಲ್ಲೂ ಕಾಣದ್ದು ಕೇಳಿಸುತ್ತದೆ ಎಂದು ಹುಬ್ಬಳ್ಳಿಯವನು ಹೇಳಿರಲಿಲ್ಲ.

"ಗಟ್ಟ್ಯಾಗಿ ಓದತೈತಿ?" ಅಧ್ಯಕ್ಷರಿಗೆ ಹುರುಪು ಬಂತು. "ಹಂಗಾರ ಮೆಂಬರ್ ಮಂದೀನೂ ಕರಸೂಣು. ಜಕ್ಕಪ್ಪಾ, ಬೀರಪ್ಪನ ಗುಡ್ಯಾಗಿನ ಮೈಕ್ ಸೆಟ್ ತರಸು. ಕಂಪ್ಯೂಟರಿಗೆ ಜೋಡಸು. ನಮ್ಮ ಸಂಘದ ಕೆಲಸ ನಾಕ ಮಂದಿ ಕೇಳ್ಲಿ. ಮಿರ್ಚಿ ಭಜಿನೂ ಹೇಳು."

ಅಧ್ಯಕ್ಷರು ಮೆಂಬರುಗಳನ್ನು ಕರೆಯಲು ಹೋದರು. ಶಶಿಕಾಂತ ಸ್ಟೂಲಿನ ಮೇಲೆ ಕುಸಿದು ಕೂತ. ಆ ಆಫೀಸಿನಲ್ಲಿ ಕೈಯಿರುವ ಕುರ್ಚಿ ಖಾಯಂ ನೌಕರರಿಗೆ ಮಾತ್ರ. ಅಂದರೆ ಸಿಪಾಯಿ ಜಕ್ಕಪ್ಪನಿಗೆ.

ಇದ್ದದ್ದು ಎರಡು ತಾಸು. ಅಳಿಸಬೇಕಾದದ್ದು ಐವತ್ತು ವಿವರ. ಬುದ್ಧಿ ಇದ್ದವನು ತಕ್ಷಣ ಅಳಿಸಲು ಕೂರುತ್ತಿದ್ದ. ಶಶಿಕಾಂತನಿಗೆ ಒಂದು ಹುಚ್ಚು ಆಸೆ ಹುಟ್ಟಿತು. ಆ ಯಂತ್ರಕ್ಕೆ ಬಹುಶಃ ಕನ್ನಡ ಬರಲಿಕ್ಕಿಲ್ಲ, ಒಮ್ಮೆ ಕೇಳಿ ನೋಡೋಣ ಎಂದು ಅವನು ಅಂಥದೇ ಒಂದು ತಂತ್ರಾಂಶವನ್ನು ಇಳಿಸಿಕೊಂಡು ಶುರುಮಾಡಿದ. ಅದಕ್ಕೆ ಕನ್ನಡ ಬರುತ್ತಿತ್ತು. ನೆಗಡಿಯಾದ ಗಂಡಸಿನ ದನಿಯಲ್ಲಿ, ಒಂದಕ್ಷರ ಬಿಡದೆ, ಸ್ಪಷ್ಟವಾಗಿ ಬರುತ್ತಿತ್ತು. ಬಾಯಿ ಮುಚ್ಚಿಸುವುದು ಹೇಗೆಂದು ಮಾತ್ರ ಅವನಿಗೆ ತಿಳಿಯಲಿಲ್ಲ.

"ಚಿತ್ರ," ಎಂದಿತು ಕಂಪ್ಯೂಟರು. "ಸಿಪಾಯಿ ಜಕ್ಕಪ್ಪ. ಎಚ್ಚರವಾಗಿದ್ದಾಗ ತೆಗೆದ ಅಪರೂಪದ ಫೋಟೋ."

ಮೈಕಿನ ವೈರು ಎಳೆಯುತ್ತಿದ್ದ ಜಕ್ಕಪ್ಪ ಹಾಗೇ ನಿಂತ. "ಯಾರ್ಲೇ ಅದು ನನ್ನ ಹೆಸರ ಹೇಳಿದಾಂವ?"

"ಕಂಪ್ಯೂಟರ್ರೀ ಕಾಕಾ."

"ಕಂಪ್ಯೂಟರಿಗೆ ಹೇಳಿದಾಂವ ಯಾರು?"

ಜಕ್ಕಪ್ಪ ವೈರು ಕೆಳಗಿಟ್ಟು ಹತ್ತಿರ ಬಂದ. ಮೂವತ್ತು ವರ್ಷದ ಸರ್ವಿಸಿನಲ್ಲಿ ಅವನು ಇಷ್ಟು ಚುರುಕಾಗಿ ನಡೆದದ್ದನ್ನು ಯಾರೂ ಕಂಡಿರಲಿಲ್ಲ. "ಅದನ್ನ ಅಳಸು. ಅಳಸಿ, 'ಸಂಘದ ಬೆನ್ನೆಲುಬು ಜಕ್ಕಪ್ಪ' ಅಂತ ಬರಿ. ಇಲ್ಲಾಂದ್ರ ಈಗಽ ಹೋಗಿ ಅಧ್ಯಕ್ಷರಿಗೆ ಹೇಳ್ತೀನಿ."

ಶಶಿಕಾಂತ ಬರೆದ. ಜಕ್ಕಪ್ಪ ಎರಡು ಸಲ ಓದಿಸಿ ಕೇಳಿ, ತೃಪ್ತಿಯಿಂದ ಮೈಕಿನ ಕಡೆ ಹೋದ.

ಆಗ ಕರೆವ್ವ ಒಳಗೆ ಬಂದಳು. ಕರೆವ್ವ ಕಂಬಳಿಗೆ ಹುಣಸೆ ಬೀಜದ ಗಂಜಿ ಹಚ್ಚುವ ಹೆಂಗಸರ ಮುಖ್ಯಸ್ಥೆ. ವಯಸ್ಸು ಐವತ್ತು. ದಿನಗೂಲಿಯಲ್ಲಿದ್ದರೂ ಸಂಘದಲ್ಲಿ ಅವಳಿಗೆ ಎದುರಾಡುವವರು ಯಾರೂ ಇರಲಿಲ್ಲ. ಹಿಂದೊಮ್ಮೆ ಅಧ್ಯಕ್ಷರು ಏನೋ ಅಂದರೆಂದು ಅವಳು ಮೂರು ದಿನ ಗಂಜಿ ಕಾಸಲಿಲ್ಲ. ಆ ಮೂರು ದಿನದ ಕಂಬಳಿಗಳು ಒದ್ದೆ ಪಂಜೆಯಂತೆ ಜೋತುಬಿದ್ದು, ಒಬ್ಬ ಗಿರಾಕಿಯೂ ಮುಟ್ಟಲಿಲ್ಲ. ಅಂದಿನಿಂದ ಅಧ್ಯಕ್ಷರೂ ಅವಳನ್ನು 'ಅಕ್ಕಾ' ಎನ್ನುತ್ತಿದ್ದರು.

"ಚಿತ್ರ," ಎಂದಿತು ಕಂಪ್ಯೂಟರು, ಅವಳನ್ನೇ ಕಾಯುತ್ತಿದ್ದಂತೆ. "ಕರೆವ್ವ. ಕಂಬಳಿ ಸೆಟೆದು ನಿಲ್ಲುವುದು ಇವಳ ಗಂಜಿಗೋ ಇವಳ ಬಾಯಿಗೋ ತಿಳಿಯದು."

ಶಶಿಕಾಂತ ಕಣ್ಣು ಮುಚ್ಚಿಕೊಂಡ. ಕೇಳಿಸಿದ್ದು ನಗು.

"ಯಾರಪಾ ಇಂವ, ಮೂಗಿನ್ಯಾಗ ಮಾತಾಡಾಂವ? ಖರೆ ಮಾತಾಡ್ತಾನ!"

"ನಾನಽ ಬರದೀನಿ ಅಕ್ಕಾ. ಈಗ ಅಳಸಾಕತ್ತೀನಿ."

"ಯಾಕ ಅಳಸ್ತಿ? ಛಲೋ ಐತಿ."

"ಅಧ್ಯಕ್ಷರ ಬಗ್ಗೆ ಬರದದ್ದು ನೀ ಕೇಳಿಲ್ಲ," ಎಂದು ಶಶಿಕಾಂತ ಅದನ್ನೂ ಅವಳ ಕಿವಿಯಲ್ಲಿ ಉಸುರಿದ. ಕರೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆ ಹಿಡಿದು ಕೂತಳು. ನಗು ನಿಲ್ಲಲು ಸುಮಾರು ಹೊತ್ತು ಹಿಡಿಯಿತು. "ಹಂಗಾರ ಅಳಸಪಾ," ಎಂದಳು ಕಣ್ಣೊರೆಸಿಕೊಂಡು.

ಅಳಿಸುವುದೂ ಸುಲಭವಿರಲಿಲ್ಲ. ಡಬ್ಬಿ ಖಾಲಿ ಬಿಟ್ಟರೆ ಕಂಪ್ಯೂಟರು ಒಪ್ಪುತ್ತಿರಲಿಲ್ಲ. ಹೊಸದಾಗಿ ಏನಾದರೂ ಯೋಚಿಸಿ ಬರೆಯಲು ಹೊತ್ತಿರಲಿಲ್ಲ. ಒಂದು ಚುಕ್ಕೆ ಇಟ್ಟು ನೋಡಿದ, ಒಪ್ಪಿತು. ಎರಡನೆಯ ಫೋಟೋಕ್ಕೂ ಒಂದೇ ಚುಕ್ಕೆ ಇಟ್ಟ, ಒಪ್ಪಲಿಲ್ಲ. ಎರಡು ಚುಕ್ಕೆ ಇಟ್ಟ, ಒಪ್ಪಿತು. ಮೂರನೆಯದಕ್ಕೆ ಮೂರು. ಹನ್ನೊಂದನೆಯದರಲ್ಲಿದ್ದಾಗ ಕರೆಂಟು ಹೋಯಿತು. ಅರ್ಧ ತಾಸು ಅವನು ಕರೆಂಟಿನವರಿಗೂ, ಬೀರಪ್ಪನಿಗೂ ಸಮನಾಗಿ ಮೊರೆಯಿಟ್ಟ. ಕರೆಂಟು ಬಂದ ಮೇಲೆ ಮತ್ತೆ ಚುಕ್ಕೆ.

"ಕಣ್ಣ ಕಾಣದಾಕಿಗೆ ಚುಕ್ಕಿ ಕೊಟ್ರ ಏನ್ ತಿಳೀಬೇಕೋ?" ಎಂದು ಕರೆವ್ವ ಕೇಳಿದಳು.

"ತಿಳೀದಿದ್ರ ಇನ್ನೂ ಛಲೋ ಅಕ್ಕಾ," ಎಂದು ಶಶಿಕಾಂತ ಕುಟ್ಟುತ್ತ ಹೋದ. ಕೊನೆಯ ಫೋಟೋಕ್ಕೆ ಕೊನೆಯ ಚುಕ್ಕೆ ಇಟ್ಟು ಬೆರಳು ಕೊಡವುವುದಕ್ಕೂ, ಹೊರಗೆ ಆಟೋ ನಿಲ್ಲುವುದಕ್ಕೂ ಸರಿಹೋಯಿತು.

ಮಾಯಾಗೆ ಮೂವತ್ತರ ಆಸುಪಾಸು. ಒಂದು ಕೈಯಲ್ಲಿ ಬಿಳಿ ಕೋಲು, ಹೆಗಲಲ್ಲಿ ಲ್ಯಾಪ್‌ಟಾಪಿನ ಚೀಲ. ಅಧ್ಯಕ್ಷರೂ ಇಬ್ಬರು ಮೆಂಬರುಗಳೂ ಓಡಿಹೋಗಿ ಅವಳ ಎರಡೂ ರಟ್ಟೆ ಹಿಡಿದು, ಮೆಟ್ಟಿಲ ಮೇಲೆ ಹೆಚ್ಚುಕಡಿಮೆ ಎತ್ತಿಕೊಂಡೇ ತಂದರು.

"ನನ್ನ ಕೈ ಬಿಡ್ರಿ ಮದಲ," ಎಂದಳು ಮಾಯಾ ನಗುತ್ತ. "ಮೆಟ್ಟಲಾ ಎಷ್ಟ ಅದಾವ, ಕುರ್ಚಿ ಎಲ್ಲೈತಿ ಅಂತ ಹೇಳ್ರಿ, ಸಾಕು. ಮುಧೋಳದಿಂದ ಒಬ್ಬಾಕಿನಽ ಬಂದೀನಿ, ಇನ್ನ ನಾಕ ಹೆಜ್ಜಿ ಬರೂದಿಲ್ಲೇನು?"

ದಾರಿಯಲ್ಲಿ ಹಗ್ಗದ ಮೇಲೆ ಕಂಬಳಿಗಳನ್ನು ಹರವಿದ್ದರು. ಅವಳು ನಿಂತು ಒಂದೊಂದನ್ನೂ ಬೆರಳಲ್ಲಿ ಮುಟ್ಟಿ, ಮೂಸಿ, ಮುಂದೆ ಬಂದಳು. ಒಳಗೆ ಇಪ್ಪತ್ತು ಜನ ಮೆಂಬರುಗಳು ಭಜಿ ತಿನ್ನುತ್ತ ಕೂತಿದ್ದರು. ಅವಳ ಲ್ಯಾಪ್‌ಟಾಪಿಗೆ ಜಕ್ಕಪ್ಪ ಮೈಕಿನ ವೈರು ಸಿಕ್ಕಿಸಿದ. ಅವಳು ಮೌಸ್ ಮುಟ್ಟಲೇ ಇಲ್ಲ. ಬೆರಳುಗಳು ಕೀಲಿಗಳ ಮೇಲೆ ಓಡಿದವು, ಗೋಡೆಗೆ ತೂಗುಹಾಕಿದ್ದ ಧ್ವನಿವರ್ಧಕದ ಕರ್ಣದಿಂದ ಅದೇ ನೆಗಡಿಯ ದನಿ ಮೊಳಗಿತು.

"ಮುಖಪುಟ. ಸಂಘದ ಪರಿಚಯ. ಖರೀದಿಸಿ, ಗುಂಡಿ. ನಿಮ್ಮ ಹೆಸರು, ಬರೆಯಿರಿ."

"ಇಲ್ಲೀತನಕ ಛಲೋ ಐತ್ರಿ," ಎಂದಳು ಮಾಯಾ. ಮೆಂಬರುಗಳು ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಶಶಿಕಾಂತನ ಬೆನ್ನು ಚಪ್ಪರಿಸಿದರು. ಅವಳು ಚಿತ್ರಗಳ ಕಡೆ ಹೊರಳಿದಳು.

"ಚಿತ್ರ. ಚುಕ್ಕೆ. ಚಿತ್ರ. ಚುಕ್ಕೆ ಚುಕ್ಕೆ. ಚಿತ್ರ. ಚುಕ್ಕೆ ಚುಕ್ಕೆ ಚುಕ್ಕೆ. ಚಿತ್ರ. ಚುಕ್ಕೆ ಚುಕ್ಕೆ ಚುಕ್ಕೆ ಚುಕ್ಕೆ."

ಹತ್ತನೆಯ ಚಿತ್ರಕ್ಕೆ ಬಂದಾಗ ಒಬ್ಬ ಮೆಂಬರು ಭಜಿ ಕೆಳಗಿಟ್ಟು, "ಏನ್ರೀ ಇದು, ರಂಗೋಲಿ ಹಾಕಾಕತ್ತೈತೇನು?" ಎಂದು ಕೇಳಿದ. ಮಾಯಾ ಮುಂದೆ ಮುಂದೆ ಹೋದಳು. ಚುಕ್ಕೆಗಳು ಉದ್ದವಾಗುತ್ತ ಹೋದವು. ಆಮೇಲೆ ಒಮ್ಮೆಲೇ ಕರ್ಣ ಗರ್ಜಿಸಿತು:

"ಚಿತ್ರ. ಸಂಘದ ಬೆನ್ನೆಲುಬು ಜಕ್ಕಪ್ಪ."

ಎಲ್ಲರೂ ತಿರುಗಿ ಜಕ್ಕಪ್ಪನನ್ನು ನೋಡಿದರು. ಅವನು ಗಂಭೀರವಾಗಿ ಅಂಗಿ ಸರಿಮಾಡಿಕೊಂಡ.

ಮಾಯಾ ಕೀಲಿಯಿಂದ ಬೆರಳು ತೆಗೆದಳು. "ಅಧ್ಯಕ್ಷರ, ಇದು ಆ ವೆಬ್‌ಸೈಟ್ ಅಲ್ರಿ."

"ಅಂದ್ರ?"

"ನಿನ್ನೆ ಮನ್ಯಾಗ ಕುಂತು ಪೂರಾ ಪರೀಕ್ಷೆ ಮಾಡೀನ್ರಿ. ಪಾಸಂತ ಬರದೂ ಇಟ್ಟಿದ್ದೆ. ಆರ ವರ್ಷ ಆತು ಈ ಕೆಲಸ ಮಾಡಾಕತ್ತು. ಎಲ್ಲಿ ಹೋದ್ರೂ ಚಿತ್ರದ ವಿವರ ಅಂದ್ರ ಒಂದ ನಂಬರ ಇರತೈತಿ, ಇಲ್ಲಾ 'ಚಿತ್ರ' ಅಂತಷ್ಟ ಇರತೈತಿ. ನಿಮ್ಮದ ಒಂದು, ಕೇಳಿ ನಕ್ಕೂ ನಕ್ಕೂ ಸಾಕಾಗಿ, ನಮ್ಮವ್ವ ಏನಾತ ಅಂತ ಓಡಿ ಬಂದ್ಲು. ಇವತ್ತ ಬಂದದ್ದು ಪರೀಕ್ಷೆಗಲ್ಲ, ಅದನ್ನ ನಿಮಗೆಲ್ಲಾ ಕೇಳಿಸಿ, ಬರದವರನ್ನ ಭೆಟ್ಟಿ ಆಗಾಕ. ಈಗ ನೋಡಿದ್ರ ಎಲ್ಲಾ ಚುಕ್ಕಿ. ಹಿಂಗಿದ್ರ ನಾ ಫೇಲ್ ಅಂತಽ ಬರೀಬೇಕಾಗತೈತಿ."

ಪಾಸಾಗಿದ್ದ ಪರೀಕ್ಷೆಯನ್ನು ಶಶಿಕಾಂತ ಎರಡು ತಾಸು ಬೆವರು ಸುರಿಸಿ ಫೇಲು ಮಾಡಿದ್ದ.

"ಫೇಲು?" ಅಧ್ಯಕ್ಷರು ಎದ್ದು ನಿಂತರು. "ಮದಲ ಏನ್ ಬರದಿತ್ತರಿ ಅದರಾಗ?"

"ರೆಕಾರ್ಡ್ ಮಾಡ್ಕೊಂಡೀನಿ, ಕೇಳಸ್ತೀನಿ ತಡೀರಿ," ಎಂದಳು ಮಾಯಾ. ಶಶಿಕಾಂತ "ಬ್ಯಾಡ್ರಿ ಮೇಡಂ" ಎನ್ನುವಷ್ಟರಲ್ಲಿ ಕರ್ಣ ಮಾತಾಡತೊಡಗಿತ್ತು.

"ಚಿತ್ರ. ಅಧ್ಯಕ್ಷರು ರಿಬ್ಬನ್ ಕತ್ತರಿಸುತ್ತಿದ್ದಾರೆ. ಅವರಿಗೆ ರಿಬ್ಬನ್ ಕಾಣುತ್ತದೆ, ಕತ್ತರಿ ಕಾಣುತ್ತದೆ. ತಮ್ಮ ಕಾಲು ತಮಗೆ ಕಂಡು ಎಷ್ಟು ವರ್ಷವಾಯಿತೋ, ಆ ಬೀರಪ್ಪನೇ ಬಲ್ಲ."

ಹಿಂದಿನ ಸಾಲಿನಲ್ಲಿ ಒಬ್ಬನಿಗೆ ಭಜಿ ನೆತ್ತಿಗೇರಿತು. ಅಷ್ಟೇ ಸಾಕಾಯಿತು, ಇಪ್ಪತ್ತು ಜನರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಧ್ಯಕ್ಷರ ಮುಖ ಕೆಂಪಾಯಿತು.

"ಯಾವ ಬರದಾಂವ ಇದನ್ನ?"

ಶಶಿಕಾಂತನ ತಲೆಯಲ್ಲಿ ಖಾಯಂ ಹೋಯಿತು, ಹಂಗಾಮಿಯೂ ಹೋಯಿತು, ಬರೀ ಓಣಿಯ ದಾರಿ ಉಳಿಯಿತು. ಬಾಗಿಲಲ್ಲಿ ಕರೆವ್ವ ನಿಂತಿದ್ದಳು. ಈ ಊರಿನಲ್ಲಿ ಅಧ್ಯಕ್ಷರು ಬೈಯಲಾಗದ ಒಂದೇ ಒಂದು ಜೀವ ಅದು. ಅವನ ನಾಲಿಗೆ ತಾನಾಗಿಯೇ ಹೊರಳಿತು.

"ನಾ ಅಲ್ರಿ! ಕರೆವ್ವಕ್ಕ ಹೇಳಿದ್ಲು, ನಾ ಬರೇ ಟೈಪ್ ಮಾಡೀನ್ರಿ."

ಎಲ್ಲರೂ ಬಾಗಿಲ ಕಡೆ ತಿರುಗಿದರು. ಕರೆವ್ವ ಶಶಿಕಾಂತನ ಮುಖ ನೋಡಿದಳು. ನೀರಲ್ಲಿ ನೆನೆದ ಕೋಳಿಮರಿಯ ಹಾಗೆ ಅವನು ನಡುಗುತ್ತಿದ್ದ. ಅವಳಿಗೆ ಕನಿಕರ ಬಂತು.

"ಹೂನಪಾ, ನಾನಽ ಹೇಳೀನಿ," ಎಂದಳು. "ಅದರಾಗ ಸುಳ್ಳೇನೈತಿ, ತೋರಸು?"

ಅಧ್ಯಕ್ಷರು ಬಾಯಿ ತೆರೆದರು. ಗಂಜಿಯಿಲ್ಲದ ಕಂಬಳಿಗಳು ಕಣ್ಣ ಮುಂದೆ ಬಂದಿರಬೇಕು, ಮುಚ್ಚಿಕೊಂಡರು.

ಮಾಯಾ ಮೆತ್ತಗೆ ಹೇಳಿದಳು: "ಸಿಟ್ಟಾಗಬ್ಯಾಡ್ರಿ ಅಧ್ಯಕ್ಷರ. ಬ್ಯಾರೆ ಕಡೆ ಆಗಿದ್ರ 'ಗಣ್ಯರಿಂದ ಉದ್ಘಾಟನೆ' ಅಂತ ಬರದಿರತಾರ. ನನಗ ಯಾರೂ ಕಾಣಂಗಿಲ್ಲ. ನಿಮ್ಮನ್ನ ಮಾತ್ರ ಇಲ್ಲಿಗೆ ಬರೂಕಿಂತ ಮದಲಽ ನೋಡೀನಿ."

"ನೋಡೀರಿ?"

"ನೋಡೀನ್ರಿ. ಖರೆನಽ."

ಅಧ್ಯಕ್ಷರು ಕುತ್ತಿಗೆ ಮುಂದೆ ಚಾಚಿ ತಮ್ಮ ಕಾಲು ಕಾಣುತ್ತದೆಯೇ ಎಂದು ಪ್ರಯತ್ನಿಸಿದರು. ಕಾಣಲಿಲ್ಲ. ಆಮೇಲೆ ಅವರಿಗೂ ನಗು ಬಂತು, ಹೊಟ್ಟೆ ಕುಲುಕುಲು ಕುಣಿಯಿತು. ಶಶಿಕಾಂತ ಹೋದ ಜೀವ ಬಂದಂತೆ ಉಸಿರು ಬಿಟ್ಟ. ಎಲ್ಲ ಸುಸೂತ್ರವಾಗುತ್ತಿತ್ತು.

ಮಾಯಾ ಎದ್ದುಹೋಗಿ ಹಗ್ಗದಿಂದ ಒಂದು ಕಂಬಳಿ ತಂದು ಕರೆವ್ವನ ಕೈಗಿಟ್ಟಳು. "ಅಕ್ಕಾರ, ಕರೀದು ಅನ್ನೂದ ಬಿಟ್ಟು, ಇದು ಹ್ಯಾಂಗೈತಿ ಅಂತ ನನಗ ಹೇಳ್ರಿ."

ಶಶಿಕಾಂತನ ಉಸಿರು ಮತ್ತೆ ನಿಂತಿತು. ಕರೆವ್ವ ಅಂಚು ತಿಕ್ಕಿ ನೋಡಿದಳು.

"ಇದು ಸಾವಳಗಿ ಕಡೆ ಕುರಿ ಉಣ್ಣೆ ಯವ್ವಾ. ಮದಲನೇ ಸಲ ಕತ್ತರಿಸಿದ್ದಲ್ಲ, ಎರಡನೇದು. ಚಿಕ್ಕಪಡಸಲಗಿ ಹಿನ್ನೀರಾಗ ತೊಳದಾರ, ಅದಕ್ಕ ಜಿಡ್ಡ ಪೂರಾ ಹೋಗೇತಿ. ದಡಿ ನೇಯುವಾಗ ನೇಕಾರಗ ಯಾರೋ ಕರದಾರ, ನೋಡಿಲ್ಲಿ, ಒಂದ ಎಳಿ ಸಡ್ಲ ಬಿದ್ದೈತಿ, ಎದ್ದ ಹೋಗಿ ಬಂದಾನ. ಮದಲನೇ ವರ್ಷ ಚುಚ್ಚತೈತಿ. ಎರಡನೇ ವರ್ಷ ಮಾತ ಕೇಳತೈತಿ. ಮೂರನೇ ವರ್ಷ ನೀ ಅದನ್ನ ಬಿಟ್ಟ ಮಲಗಂಗಿಲ್ಲ."

ಮಾಯಾ ಆ ಸಡಿಲು ಎಳೆಯನ್ನು ಬೆರಳಿಂದ ಹುಡುಕಿ ಮುಟ್ಟಿದಳು. ಅವಳ ಮುಖ ಅರಳಿತು. ಶಶಿಕಾಂತನಿಗೆ ನಿಜವಾಗಿ ನಾಚಿಕೆಯಾಯಿತು. ಏಳು ವರ್ಷ ಅದೇ ಕಂಬಳಿಗಳ ನಡುವೆ ಕೂತು ಅವನು ಕಂಡದ್ದು ಕಪ್ಪನ್ನು ಮಾತ್ರ.

"ಪಾಸು," ಎಂದಳು ಮಾಯಾ. "ಆ ಮೊದಲಿನ ವಿವರ ಎಲ್ಲಾ ತಿರುಗಿ ಹಾಕ್ರಿ, ಕಂಬಳಿದು ಈ ಅಕ್ಕಾರ ಹೇಳಿದಂಗ ಹೊಸದಾಗಿ ಬರೀರಿ. ಮತ್ತ ಅಧ್ಯಕ್ಷರ, ಆ ಖಾಯಂ ಹುದ್ದೆ ಐತೆಲ್ಲ, ಅದು ವಿವರ ಹೇಳಾವರಿಗೆ. ಟೈಪ್ ಮಾಡಾವರು ಯಾರರ ಸಿಗ್ತಾರ."

"ಅದೇನ್ ಕೇಳ್ತೀರಿ!" ಅಧ್ಯಕ್ಷರು ಮೈಕನ್ನೇ ಕೈಗೆತ್ತಿಕೊಂಡರು. "ಇವತ್ತಿಂದ ನಮ್ಮ ಕರೆವ್ವಕ್ಕ ಸಂಘದ ಖಾಯಂ ನೌಕರಳು!"

ಚಪ್ಪಾಳೆಯ ನಡುವೆ ಶಶಿಕಾಂತನ ದನಿ ಕೀರಲಾಗಿ ಎದ್ದಿತು. "ಸಾಹೇಬ್ರ, ಖರೆ ಹೇಳ್ಬೇಕಂದ್ರ… ಅದನ್ನೆಲ್ಲಾ ಬರದಾಂವ ನಾನಽ ರೀ!"

"ನೋಡ್ರೆಪಾ ಇಂವನ್ನ," ಎಂದರು ಅಧ್ಯಕ್ಷರು. "ಬೈಗುಳಾ ಇದ್ದಾಗ ಅಕ್ಕ ಬರದ್ಲಂತ, ಖಾಯಂ ಅಂದಕೂಡ್ಲೇ ತಾನಂತ!"

"ಜಕ್ಕಪ್ಪ ಕಾಕಾ, ನೀವರ ಹೇಳ್ರಿ!"

ಜಕ್ಕಪ್ಪ ಆಲೋಚಿಸಿದ. ಸತ್ಯ ಹೇಳಿದರೆ 'ಬೆನ್ನೆಲುಬು' ಎಲ್ಲಿಂದ ಬಂತೆಂಬ ಪ್ರಶ್ನೆ ಏಳುತ್ತಿತ್ತು. "ನಾ ಆವಾಗ ನಿದ್ದಿ ಮಾಡಾಕತ್ತಿದ್ನಿ," ಎಂದ. ಅದನ್ನು ಎಲ್ಲರೂ ತಕ್ಷಣ ನಂಬಿದರು.

ಶಶಿಕಾಂತ ಕರೆವ್ವನ ಹತ್ತಿರ ಹೋಗಿ ಕೈಮುಗಿದ. "ಅಕ್ಕಾ, ನೀ ಒಂದ ಮಾತ ಹೇಳಿದ್ರ ಸಾಕು."

"ನಿನ್ನ ಸಲುವಾಗಿ ಒಂದ ಸುಳ್ಳ ಹೇಳೀನಿ ತಮ್ಮಾ," ಎಂದಳು ಕರೆವ್ವ ಅಕ್ಕರೆಯಿಂದಲೇ. "ಈಗ ಅದು ಸುಳ್ಳ ಅಂತ ಹೇಳಿ ನಾಕ ಮಂದ್ಯಾಗ ಸುಳ್ಳಗಾರ್ತಿ ಅನ್ಸಿಕೊಳ್ಳಲೇನು?"

ಸಂಜೆಯ ಹೊತ್ತಿಗೆ ಕೈಯಿರುವ ಎರಡನೆಯ ಕುರ್ಚಿ ಆಫೀಸಿಗೆ ಬಂತು. ಕರೆವ್ವ ಅದರಲ್ಲಿ ಕಾಲು ಮಡಚಿ ಕೂತಳು. ಪಕ್ಕದ ಸ್ಟೂಲಿನ ಮೇಲೆ ಶಶಿಕಾಂತ. ಹೋಗುವ ಮುಂಚೆ ಮಾಯಾ ಎಲ್ಲರ ಜೊತೆ ತೆಗೆಸಿಕೊಂಡ ಗುಂಪು ಫೋಟೋವನ್ನು ಮೊದಲು ಏರಿಸಬೇಕಿತ್ತು.

"ಬರಿ," ಎಂದಳು ಕರೆವ್ವ. "ನಡಕ ಮಾಯವ್ವ ನಿಂತಾಳ, ಎಲ್ಲಾರಕಿಂತ ಚಂದ ನಗಾಕತ್ತಾಳ. ಬಾಜೂಕ ಅಧ್ಯಕ್ಷರು ಅದಾರ, ಉಸಿರ ಎಳದು ಹೊಟ್ಟಿ ಒಳಗ ಹಿಡದಾರ. ಬಲಗಡಿ ತುದೀಗೆ ಒಬ್ಬಾಂವ ನಿಂತಾನ, ನಗಬೇಕೋ ಅಳಬೇಕೋ ಅಂತ ಅವಗಿನ್ನಾ ತಿಳದಿಲ್ಲ."

ಶಶಿಕಾಂತ ಅಲ್ಲಿಯವರೆಗೆ ಟೈಪ್ ಮಾಡಿ ಬೆರಳು ನಿಲ್ಲಿಸಿದ. "ಅಕ್ಕಾ, ಮಾಯಾ ಮೇಡಂದು ಹಾಕೀದಿ, ಅಧ್ಯಕ್ಷರದೂ ಹಾಕೀದಿ. ನಂದೂ ಹೆಸರ ಹಾಕೂಣಲ್ಲ?"

"ಬ್ಯಾಡಪಾ," ಎಂದಳು ಕರೆವ್ವ, ಕುರ್ಚಿಯ ಕೈಗಳನ್ನು ಸವರುತ್ತ. "ಹಂಗಾಮಿ ಮಂದಿ ಹೆಸರ ಹಾಕಿದ್ರ ವರ್ಷಕ್ಕೊಮ್ಮೆ ಬದಲ ಮಾಡೂದಾಗತೈತಿ."